ರಿವಾಲ್ವರಿನಿಂದ ಪಿಸ್ತೂಲಿಗೆ: ಪಳಗಿದ ಕೈಗೆ ಒಗ್ಗುವುದು ಯಾವುದು?

ಹತ್ತಾರು ವರ್ಷ ರಿವಾಲ್ವರ್ ಹಿಡಿದು ಪಳಗಿದವರು ಸೆಮಿ ಆಟೊಮ್ಯಾಟಿಕ್ (ಪ್ರತಿ ಗುಂಡಿನ ನಂತರ ಮುಂದಿನ ತೋಟಾವನ್ನು ತಾನೇ ಕೂರಿಸಿಕೊಳ್ಳುವ) ಪಿಸ್ತೂಲಿನತ್ತ ಹೊರಳಿದಾಗ ಎದುರಾಗುವ ತೊಡಕು ಹೊಸಬರ ತೊಡಕಿನಂಥದಲ್ಲ. ಹೊಸಬರಿಗೆ ಏನೂ ಗೊತ್ತಿರುವುದಿಲ್ಲವಾದ್ದರಿಂದ ಹೇಳಿಕೊಟ್ಟದ್ದನ್ನು ಅವರ ಕೈ ಹಾಗೆಯೇ ಕಲಿತುಕೊಳ್ಳುತ್ತದೆ. ಪಳಗಿದವರ ಕೈಗಾದರೋ ಎಷ್ಟೋ ಸಂಗತಿಗಳು ಆಗಲೇ ರೂಢಿಯಾಗಿರುತ್ತವೆ, ಅವುಗಳಲ್ಲಿ ಕೆಲವು ಹೊಸ ಆಯುಧದಲ್ಲೂ ನಡೆಯುತ್ತವೆ, ಕೆಲವು ನಡೆಯುವುದಿಲ್ಲ, ಒಂದೆರಡಂತೂ ಅಪಾಯಕಾರಿಯೇ ಆಗುತ್ತವೆ. ಆದ್ದರಿಂದ ಯಾವ ಪಿಸ್ತೂಲು ಒಳ್ಳೆಯದು ಎಂದು ಕೇಳುವ ಮೊದಲು, ನನ್ನ ಕೈ ಈವರೆಗೆ ಏನನ್ನು ಕಲಿತಿದೆ ಎಂದು ಕೇಳಿಕೊಳ್ಳುವುದು ಸರಿಯಾದ ಕ್ರಮ.

ಸಾಮಾನ್ಯವಾಗಿ ಇಂಥ ಹೋಲಿಕೆಗಳು ತೋಟಾಗಳ ಎಣಿಕೆಯಿಂದ ಶುರುವಾಗುತ್ತವೆ. ರಿವಾಲ್ವರಿನಲ್ಲಿ ಐದೋ ಆರೋ, ಕೆಲವದರಲ್ಲಿ ಏಳೆಂಟು; ಗ್ಲಾಕ್ 17 ಪಿಸ್ತೂಲಿನ ಹಿಡಿಯೊಳಗೆ ಕೂರುವ ತೋಟಾ ಪೆಟ್ಟಿಗೆಯಾದ ಮ್ಯಾಗಜಿನ್‌ನಲ್ಲಿ 17. ಇದು ಎಲ್ಲರಿಗೂ ತಿಳಿದ ಸಂಗತಿ, ಮತ್ತು ಗುರಿ ಅಭ್ಯಾಸ ಮಾಡುವವರ ಮಟ್ಟಿಗೆ ಇದರಿಂದ ಆಗುವ ವ್ಯತ್ಯಾಸ ಬಹಳ ಸಣ್ಣದು. ನನ್ನ ದೃಷ್ಟಿಯಲ್ಲಿ ಆಯ್ಕೆ ನಿರ್ಧಾರವಾಗಬೇಕಾದದ್ದು ಟ್ರಿಗರಿನಲ್ಲಿ. ಉಳಿದದ್ದನ್ನೆಲ್ಲ ಕೆಲವು ವಾರಗಳ ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಬೆರಳಿಗೆ ವರ್ಷಗಟ್ಟಲೆ ಕಲಿಸಿದ್ದನ್ನು ಮರೆಸಿ ಬೇರೆಯದನ್ನು ಕಲಿಸುವುದು ಮಾತ್ರ ಕಷ್ಟದ ಕೆಲಸ.

ಬೆರಳು ಕಲಿತಿರುವುದೇನು

ಡಬಲ್ ಆ್ಯಕ್ಷನ್ ರಿವಾಲ್ವರಿನ ಟ್ರಿಗರನ್ನು ಎಳೆಯಲು ಸಾಮಾನ್ಯವಾಗಿ 4.5ರಿಂದ 5.5 ಕಿಲೋದಷ್ಟು ಬಲ ಬೇಕಾಗುತ್ತದೆ. ಅದೊಂದೇ ಎಳೆತ ತೋಟಾಕ್ಕೆ ಪೆಟ್ಟು ಹಾಕುವ ಹ್ಯಾಮರನ್ನು ಹಿಂದಕ್ಕೆ ಬಾಗಿಸಬೇಕು, ತೋಟಾಗಳು ಕೂರುವ ಸಿಲಿಂಡರನ್ನು ಒಂದು ಮನೆ ತಿರುಗಿಸಬೇಕು, ಕೊನೆಗೆ ಹ್ಯಾಮರನ್ನು ಬಿಟ್ಟುಕೊಡಬೇಕು. ಎಳೆತ ಉದ್ದವಾಗಿರುವುದೂ ಭಾರವಾಗಿರುವುದೂ ಇದೇ ಕಾರಣಕ್ಕೆ. ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಎಳೆದಿಟ್ಟುಕೊಂಡರೆ ಅದೇ ಟ್ರಿಗರಿಗೆ ಒಂದೂವರೆ ಎರಡು ಕಿಲೋದ ಒತ್ತಡ ಸಾಕು, ಚಲನೆಯೂ ಕೂದಲೆಳೆಯಷ್ಟೇ.

ರಿವಾಲ್ವರ್ ಬಳಸುವವರಲ್ಲಿ ಹೀಗೆ ಎರಡು ಪಂಗಡಗಳಿವೆ. ಮೊದಲನೆಯವರು ಪ್ರತಿ ಗುಂಡಿಗೂ ಹ್ಯಾಮರ್ ಎಳೆದಿಟ್ಟು, ಉಸಿರು ಹಿಡಿದು, ನಿಧಾನವಾಗಿ ಹೊಡೆಯುವವರು. ಎರಡನೆಯವರು ಹ್ಯಾಮರನ್ನು ಮುಟ್ಟದೆ, ಉದ್ದನೆಯ ಎಳೆತವನ್ನೇ ಒಂದೇ ವೇಗದಲ್ಲಿ ಉರುಳಿಸಿಕೊಂಡು ಹೋಗುವವರು. ಇಬ್ಬರ ಹೆಸರಿನ ಹಿಂದೆಯೂ ‘ಅನುಭವಿ’ ಎಂಬ ವಿಶೇಷಣವೇ ಇರುತ್ತದೆ, ಆದರೆ ಇಬ್ಬರಿಗೂ ಒಂದೇ ಪಿಸ್ತೂಲನ್ನು ಸೂಚಿಸುವುದು ತಪ್ಪಾಗುತ್ತದೆ.

ಮೂರು ಬಗೆಯ ಪಿಸ್ತೂಲುಗಳು

ಮೊದಲನೆಯದು ಸಿಂಗಲ್ ಆ್ಯಕ್ಷನ್. ಜಾನ್ ಬ್ರೌನಿಂಗ್ ರೂಪಿಸಿದ, 1911ರಲ್ಲಿ ಅಮೆರಿಕದ ಸೇನೆ ಅಂಗೀಕರಿಸಿದ .45 ಎಸಿಪಿ ತೋಟಾದ ಪಿಸ್ತೂಲೂ, ಅವರು ಆರಂಭಿಸಿ ಅವರ ಮರಣಾನಂತರ ಬೆಲ್ಜಿಯಂನಲ್ಲಿ ಪೂರ್ಣಗೊಂಡು 1935ರಲ್ಲಿ ಹೊರಬಂದ ಹೈ ಪವರ್ ಪಿಸ್ತೂಲೂ ಈ ಜಾತಿಯವು. ಇಲ್ಲಿ ಹ್ಯಾಮರನ್ನು ಮೊದಲ ಸಲ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಎಳೆದಾಗಲೇ ಹಿಂದಕ್ಕೆ ಕೂರಿಸಲಾಗುತ್ತದೆ, ಆಮೇಲೆ ಪ್ರತಿ ಗುಂಡಿನ ಹಿಂದೆಯೂ ಸ್ಲೈಡೇ ಆ ಕೆಲಸ ಮಾಡುತ್ತದೆ, ಆದ್ದರಿಂದ ಪ್ರತಿ ಎಳೆತವೂ ಹಗುರವಾಗಿ, ಗಿಡ್ಡವಾಗಿ ಇರುತ್ತದೆ. ಹ್ಯಾಮರ್ ಎಳೆದಿಟ್ಟು ಹೊಡೆಯುತ್ತಿದ್ದ ಮೊದಲ ಪಂಗಡದವರಿಗೆ ಇದರಷ್ಟು ಪರಿಚಿತವೆನಿಸುವ ಪಿಸ್ತೂಲು ಬೇರೊಂದಿಲ್ಲ. ಅವರು ಹೊಸದಾಗಿ ಕಲಿಯಬೇಕಾದದ್ದು ಸೇಫ್ಟಿಯ ಸನ್ನೆಯನ್ನು: ಗುರಿಗೆ ಏರಿಸುವಾಗ ಹೆಬ್ಬೆರಳಿನಿಂದ ಕೆಳಕ್ಕೆ, ಇಳಿಸುವಾಗ ಮೇಲಕ್ಕೆ. ರಿವಾಲ್ವರಿನಲ್ಲಿ ಇಂಥದ್ದೊಂದು ಕೀಲಿಯೇ ಇರುವುದಿಲ್ಲವಾದ್ದರಿಂದ ಮೊದಲ ಕೆಲವು ನೂರು ಸಲ ಅದು ಮರೆತುಹೋಗುತ್ತದೆ.

ಎರಡನೆಯದು ಮೊದಲ ಗುಂಡಿಗೆ ಡಬಲ್ ಆ್ಯಕ್ಷನ್, ಮುಂದಿನವಕ್ಕೆ ಸಿಂಗಲ್ ಆ್ಯಕ್ಷನ್ ಆಗಿ ನಡೆಯುವ ಬಗೆ. 1929ರ ವಾಲ್ಟರ್ ಪಿಪಿ ಈ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿತು. ಬೆರೆಟ್ಟಾ 92, ಸಿಗ್ ಪಿ226, ಸಿಝಡ್ 75 ಇದೇ ದಾರಿಯಲ್ಲಿ ಬಂದವು. ಮೊದಲ ಎಳೆತ ರಿವಾಲ್ವರಿನಂತೆಯೇ ಉದ್ದ ಮತ್ತು ಭಾರ; ಎರಡನೆಯದು ಹೆಚ್ಚುಕಡಿಮೆ ಅದರ ಅರ್ಧದಷ್ಟು. ಹೊಡೆಯುವುದು ನಿಂತ ಮೇಲೆ, ಹೋಲ್‌ಸ್ಟರಿಗೆ ಸೇರಿಸುವ ಮೊದಲು, ಹ್ಯಾಮರನ್ನು ಇಳಿಸುವ ಸನ್ನೆಯನ್ನು ಒತ್ತಲೇಬೇಕು. ಆ ಸನ್ನೆ ಕೆಲವು ಮಾದರಿಗಳಲ್ಲಿ ಸ್ಲೈಡಿನ ಮೇಲಿರುತ್ತದೆ, ಕೆಲವುಗಳಲ್ಲಿ ಚೌಕಟ್ಟಿನ ಮೇಲೆ. ಮೂಲ ಸಿಝಡ್ 75ರಲ್ಲಿ ಅದು ಇಲ್ಲವೇ ಇಲ್ಲ, ಬರೀ ಸೇಫ್ಟಿ ಇದೆ. ಕೊಳ್ಳುವ ಮುನ್ನ ಕೈಗೆತ್ತಿಕೊಂಡು ನೋಡಬೇಕಾದ ಸಂಗತಿ ಇದು.

ಮೂರನೆಯದು ಹ್ಯಾಮರೇ ಇಲ್ಲದ, ಸ್ಲೈಡಿನೊಳಗೆ ಸ್ಪ್ರಿಂಗಿನಿಂದ ಚಿಮ್ಮುವ ಸೂಜಿಯೇ ತೋಟಾಕ್ಕೆ ಪೆಟ್ಟು ಹಾಕುವ ಸ್ಟ್ರೈಕರ್ ಬಗೆ. 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೇನೆಗೆಂದು ತಯಾರಾದ ಗ್ಲಾಕ್ 17 ಇದಕ್ಕೆ ಮಾದರಿಯಾಯಿತು. ಟ್ರಿಗರ್ ಸುಮಾರು 2.5 ಕಿಲೋ, ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಒಂದೇ ತೂಕ. ಬೆರಳು ಒತ್ತುವ ಪುಟ್ಟ ಸೇಫ್ಟಿ ಟ್ರಿಗರಿನಲ್ಲೇ ಅಡಗಿರುತ್ತದೆ, ಬೇರೆ ಸನ್ನೆ ಇರುವುದಿಲ್ಲ.

ರಿವಾಲ್ವರಿನಿಂದ ಬರುವವರಿಗೆ ಎರಡನೆಯ ಬಗೆಯೇ ಸಹಜವಾದ ಸೇತುವೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಡಬಲ್ ಆ್ಯಕ್ಷನ್ ರಿವಾಲ್ವರ್ ಕೈಗೆ ಕಲಿಸುವ ಮುಖ್ಯ ಪಾಠ ಭಾರವಾದ ಎಳೆತವಲ್ಲ, ಒಂದರಂತೆ ಇನ್ನೊಂದು ಇರುವ ಎಳೆತ. ಆರಕ್ಕೆ ಆರೂ ಗುಂಡುಗಳು ಬೆರಳಿನ ಒಂದೇ ನಡಿಗೆಯಲ್ಲಿ ಹೊರಡುತ್ತವೆ. ಎರಡನೆಯ ಬಗೆಯ ಪಿಸ್ತೂಲು ಮೊದಲ ಗುಂಡಿಗೆ ಹಳೆಯ ಗೆಳೆಯನಂತೆ ನಡೆದುಕೊಂಡು, ಎರಡನೆಯ ಗುಂಡಿಗೆ ತಟ್ಟನೆ ಗುಣ ಬದಲಿಸುತ್ತದೆ, ಆಗ ಐದು ಕಿಲೋಗೆ ಸಿದ್ಧವಾಗಿದ್ದ ಬೆರಳು ಅರ್ಧ ದಾರಿಯಲ್ಲೇ ಮುಗ್ಗರಿಸುತ್ತದೆ. ಆದುದರಿಂದ ಎರಡನೆಯ ಪಂಗಡದವರಿಗೆ ನಾನು ಸ್ಟ್ರೈಕರ್ ಬಗೆಯನ್ನೇ ಮೊದಲು ಹೇಳುತ್ತೇನೆ. ತೂಕ ಬೇರೆಯಾದರೂ ಲಯ ಅದೇ ಆಗಿರುತ್ತದೆ. ಎರಡೂ ರೀತಿಗಳನ್ನು ರಿವಾಲ್ವರಿನಲ್ಲಿ ಸಮವಾಗಿ ಅಭ್ಯಾಸ ಮಾಡಿದವರಿಗೆ ಮಾತ್ರ ನಡುವಿನ ಬಗೆ ಒಗ್ಗೀತು.

ಸ್ಟ್ರೈಕರ್ ಬಗೆಗೆ ಒಂದು ಎಚ್ಚರಿಕೆ ಸೇರಿಸಬೇಕು. ರಿವಾಲ್ವರನ್ನು ಹೋಲ್‌ಸ್ಟರಿಗೆ ಇಳಿಸುವಾಗ ಹೆಬ್ಬೆರಳನ್ನು ಹ್ಯಾಮರಿನ ಮೇಲಿಡುವ ಅಭ್ಯಾಸ ಹಲವರಿಗಿರುತ್ತದೆ, ಟ್ರಿಗರಿಗೆ ಏನಾದರೂ ಸಿಕ್ಕಿಕೊಂಡರೆ ಹ್ಯಾಮರ್ ಏಳುವುದು ಬೆರಳಿಗೆ ತಿಳಿಯುತ್ತದೆ. ಇಲ್ಲಿ ಆ ಸುಳಿವು ಸಿಗುವುದಿಲ್ಲ, ಎಳೆತವೂ ಅರ್ಧಕ್ಕರ್ಧ ಹಗುರ. ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚುವ, ಬಾಯಿ ಮುದುಡದ ಗಟ್ಟಿ ಹೋಲ್‌ಸ್ಟರ್ ಇಲ್ಲದೆ ಈ ಬಗೆಯನ್ನು ಸೊಂಟಕ್ಕೆ ಕಟ್ಟಿಕೊಳ್ಳಬಾರದು. ಮೆತ್ತಗಾದ ಹಳೆಯ ಚರ್ಮದ ಹೋಲ್‌ಸ್ಟರ್ ರಿವಾಲ್ವರಿನ ಜೊತೆಗೇ ಉಳಿಯಲಿ.

ಹೆಬ್ಬೆರಳು ಮತ್ತು ಮಣಿಕಟ್ಟು

ನಾನು ಮೊದಲ ಸಲ ಪಿಸ್ತೂಲು ಹಿಡಿದ ದಿನ ಎಡಗೈಯ ಹೆಬ್ಬೆರಳನ್ನು ಬಲಗೈಯ ಹಿಂಬದಿಗೆ ಅಡ್ಡ ಹಾಕಿದ್ದೆ. ರಿವಾಲ್ವರಿನಲ್ಲಿ ಅದು ಗಟ್ಟಿ ಹಿಡಿತ. ಹ್ಯಾಮರ್ ಎಳೆಯಲೂ ಅನುಕೂಲ. ಮೊದಲ ಗುಂಡು ಹಾರಿದಾಗ ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ಗುರಿ ಹಿಡಿಯುವಾಗ ಹಿಡಿ ಜಾರುತ್ತಿದೆಯಲ್ಲ ಎಂದು ನೋಡಿದರೆ, ಹೆಬ್ಬೆರಳಿನ ಬುಡದಲ್ಲಿ ಗೆರೆ ಎಳೆದಂತೆ ಎರಡು ಸಮಾನಾಂತರ ಗೀರುಗಳು, ಅವುಗಳ ನಡುವೆ ಬಿಳಿಚಿದ ಚರ್ಮ, ಆಮೇಲೆ ನಿಧಾನವಾಗಿ ರಕ್ತ. ಹಿಂದಕ್ಕೆ ನುಗ್ಗಿದ ಸ್ಲೈಡಿನ ತಳದ ಎರಡು ಅಂಚುಗಳ ಗುರುತು ಅದು. ತಪ್ಪು ಸಂಪೂರ್ಣವಾಗಿ ನನ್ನದೇ.

ಪಿಸ್ತೂಲಿನಲ್ಲಿ ಎರಡೂ ಹೆಬ್ಬೆರಳುಗಳು ಒಂದೇ ಬದಿಯಲ್ಲಿ, ಒಂದರ ಕೆಳಗೊಂದು, ಗುರಿಯ ಕಡೆ ಮುಖ ಮಾಡಿರಬೇಕು. ಹಿಂದೆ ಏನೂ ಇರಬಾರದು. ಆದರೆ ಇದರ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಕೆಟ್ಟದ್ದು: ಪಿಸ್ತೂಲಿನ ಹಿಡಿತ ರೂಢಿಯಾದ ಮೇಲೆ ಹಳೆಯ ರಿವಾಲ್ವರನ್ನು ಎತ್ತಿಕೊಂಡು ಹೆಬ್ಬೆರಳುಗಳನ್ನು ಹಾಗೆಯೇ ಮುಂದಕ್ಕೆ ಚಾಚಿದರೆ, ಸಿಲಿಂಡರಿಗೂ ಬ್ಯಾರೆಲಿಗೂ ನಡುವಿನ ಸೀಳಿನಿಂದ ಚಿಮ್ಮುವ ಬಿಸಿ ಅನಿಲ ಬೆರಳನ್ನು ಸುಟ್ಟು ಹರಿಯಬಲ್ಲದು, ಮ್ಯಾಗ್ನಮ್ ತೋಟಾಗಳಲ್ಲಂತೂ ಗಾಯ ಗಂಭೀರವಾಗಿರುತ್ತದೆ. ಎರಡನ್ನೂ ಇಟ್ಟುಕೊಳ್ಳಲು ಬಯಸುವವರು ಒಂದೇ ದಿನ ಎರಡನ್ನೂ ಬಳಸದಿರುವುದು ಕನಿಷ್ಠ ಮೊದಲ ಎರಡು ಮೂರು ತಿಂಗಳ ಮಟ್ಟಿಗಾದರೂ ಕ್ಷೇಮ.

ಮಣಿಕಟ್ಟಿನ ವಿಷಯ ಹೀಗೆ. ರಿವಾಲ್ವರಿಗೆ ಶಕ್ತಿ ಬರುವುದು ಬೆರಳಿನಿಂದ. ಕೈ ಎಷ್ಟು ಸಡಿಲವಾಗಿದ್ದರೂ ಮುಂದಿನ ಎಳೆತಕ್ಕೆ ಮುಂದಿನ ಮನೆ ಬಂದೇ ಬರುತ್ತದೆ. ಪಿಸ್ತೂಲಿಗೆ ಶಕ್ತಿ ಬರುವುದು ತೋಟಾದಿಂದ, ಮತ್ತು ಆ ಶಕ್ತಿಯಿಂದ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಬೇಕಾದರೆ ಚೌಕಟ್ಟು ಅಲುಗದೆ ನಿಲ್ಲಬೇಕು. ಮಣಿಕಟ್ಟು ಸಡಿಲಾದರೆ ಚೌಕಟ್ಟೂ ಸ್ಲೈಡಿನ ಜೊತೆಗೆ ಹಿಂದಕ್ಕೆ ಸರಿದು, ಖಾಲಿ ಕೇಸು ಹೊರಬೀಳದೆ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಹಗುರವಾದ ಪುಟ್ಟ ಪಿಸ್ತೂಲುಗಳಲ್ಲಿ ಇದು ಹೆಚ್ಚು. 1901ರ ವೆಬ್ಲಿ ಫಾಸ್ಬರಿ ಎಂಬ ವಿಚಿತ್ರ ರಿವಾಲ್ವರಿನಲ್ಲಿ ಬ್ಯಾರೆಲೂ ಸಿಲಿಂಡರೂ ಒಟ್ಟಿಗೆ ಹಿಂದಕ್ಕೆ ಜಾರಿ ಹ್ಯಾಮರನ್ನು ತಾವೇ ಕೂರಿಸುತ್ತಿದ್ದವು. ಅದಕ್ಕೂ ಗಟ್ಟಿ ಮಣಿಕಟ್ಟೇ ಬೇಕಾಗಿತ್ತು. ನಿಯಮ ಆಯುಧದ ಹೆಸರಿನದಲ್ಲ, ಗುಂಡು ಹಾರಿದಾಗಿನ ಹಿನ್ನೆಗೆತವನ್ನು ದುಡಿಸಿಕೊಳ್ಳುವ ಪ್ರತಿಯೊಂದು ಯಂತ್ರದ್ದು.

ಕ್ಲಿಕ್ ಎಂದಾಗ

ರಿವಾಲ್ವರ್ ಕ್ಲಿಕ್ ಎಂದರೆ ಬೆರಳು ತಾನಾಗಿ ಇನ್ನೊಮ್ಮೆ ಎಳೆಯುತ್ತದೆ. ಸ್ಟ್ರೈಕರ್ ಪಿಸ್ತೂಲಿನಲ್ಲಿ ಹಾಗೆ ಎಳೆದರೆ ಸತ್ತ ಟ್ರಿಗರ್ ಸಿಗುತ್ತದೆ, ಏಕೆಂದರೆ ಸ್ಲೈಡ್ ಚಲಿಸದೆ ಸ್ಟ್ರೈಕರ್ ಮತ್ತೆ ಸಿದ್ಧವಾಗುವುದಿಲ್ಲ. ಹ್ಯಾಮರ್ ಇರುವ ಎರಡನೆಯ ಬಗೆಯಲ್ಲಿ ಅದೇ ಪ್ರೈಮರಿಗೆ (ತೋಟಾದ ತಳದಲ್ಲಿ ಮದ್ದಿಗೆ ಕಿಡಿ ಕೊಡುವ ಬಿಲ್ಲೆಗೆ) ಇನ್ನೊಂದು ಪೆಟ್ಟು ಹಾಕಬಹುದು. ಅದನ್ನೊಂದು ದೊಡ್ಡ ಗುಣವೆಂದು ಹೊಗಳುವುದುಂಟು, ಆದರೆ ಒಂದು ಸಲ ಹೊತ್ತದ ತೋಟಾವನ್ನು ಹೊರಹಾಕುವುದೇ ಹೆಚ್ಚು ಬುದ್ಧಿವಂತಿಕೆ. ಅವಸರವಿಲ್ಲದ ಅಭ್ಯಾಸದಲ್ಲಿ ನಳಿಕೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹೊತ್ತುವ ತೋಟಾಗಳೂ ಇರುತ್ತವೆ. ಸ್ಪರ್ಧೆಯ ವೇಗದಲ್ಲಿ ಹೇಳಿಕೊಡುವ ಕ್ರಮ ಬೇರೆ: ಮ್ಯಾಗಜಿನ್‌ನ ತಳಕ್ಕೆ ಅಂಗೈಯಿಂದ ಒಂದು ಗುದ್ದು, ಸ್ಲೈಡನ್ನು ಪೂರ್ತಿ ಎಳೆದು ಬಿಡುವುದು, ಮತ್ತೆ ಗುರಿ.

ಈ ಗುದ್ದಿ ಎಳೆಯುವ ಅಭ್ಯಾಸಕ್ಕೆ ಒಂದು ಅಪವಾದವಿದೆ, ಅದನ್ನು ಖಾಲಿ ಕೇಸಿಗೆ ಮದ್ದು, ಗುಂಡು ಸೇರಿಸಿ ತೋಟಾ ತಾವೇ ತುಂಬಿಕೊಳ್ಳುವವರು ಮರೆಯಬಾರದು. ಮದ್ದು ಬೀಳದೆ ಬರೀ ಪ್ರೈಮರಿನ ಬಲದಿಂದ ಹೊರಟ ಗುಂಡು ಬ್ಯಾರೆಲಿನ ನಡುವೆಯೇ ನಿಂತುಬಿಡುತ್ತದೆ. ಆಗ ಕೇಳುವುದು ಢಂ ಎಂಬ ಸದ್ದಲ್ಲ, ಪುಸ್ ಎಂಬ ಸಪ್ಪೆ ಸದ್ದು. ರಿವಾಲ್ವರಿನಲ್ಲಿ ಅಂಥ ಗುಂಡು ಎಷ್ಟೋ ಸಲ ಸಿಲಿಂಡರಿಗೇ ಅಡ್ಡ ಸಿಕ್ಕಿ ಮುಂದಿನ ಎಳೆತವನ್ನು ತಡೆಯುತ್ತದೆ. ಪಿಸ್ತೂಲಿನಲ್ಲಿ ಅದು ಬರೀ ಸ್ಲೈಡ್ ನಡೆಯದ ಸಾಮಾನ್ಯ ತಡೆಯಂತೆ ತೋರುತ್ತದೆ, ಪಳಗಿದ ಕೈ ಥಟ್ಟನೆ ಸ್ಲೈಡ್ ಎಳೆದು ಮುಚ್ಚಿದ ಬ್ಯಾರೆಲಿನ ಹಿಂದೆ ಇನ್ನೊಂದು ತೋಟಾ ಕೂರಿಸುತ್ತದೆ. ಸದ್ದು ಸಪ್ಪೆಯಾದರೆ ನಿಲ್ಲಿಸಿ, ಬಿಚ್ಚಿ, ಬ್ಯಾರೆಲಿನೊಳಗೆ ನೋಡುವವರೆಗೂ ಮುಂದುವರಿಯಬಾರದು.

ರಿವಾಲ್ವರ್ ಎಂದೂ ಕೈಕೊಡುವುದಿಲ್ಲ ಎಂಬ ನಂಬಿಕೆಯನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ಕೇಸುಗಳನ್ನು ಹೊರತಳ್ಳುವ ನಕ್ಷತ್ರದ ಕೆಳಗೆ ನಾಲ್ಕು ಕಾಳು ಮದ್ದು ಸೇರಿದರೆ ಸಿಲಿಂಡರ್ ತಿರುಗುವುದಿಲ್ಲ. ಹಗುರ ಚೌಕಟ್ಟಿನ ಬಲವಾದ ರಿವಾಲ್ವರಿನಲ್ಲಿ ಹಿನ್ನೆಗೆತಕ್ಕೆ ಮುಂದಿನ ತೋಟಾದ ಗುಂಡು ಹೊರಕ್ಕೆ ಜಾರಿ ಸಿಲಿಂಡರಿಗೆ ಬೀಗ ಹಾಕುತ್ತದೆ. ಇಂಥವು ಅಪರೂಪ, ಆದರೆ ಬಂದಾಗ ಮೇಜಿನ ಮೇಲಿಟ್ಟು ರಿಪೇರಿ ಮಾಡಬೇಕಾಗುತ್ತದೆ. ಪಿಸ್ತೂಲಿನ ತಡೆಗಳು ಅದಕ್ಕಿಂತ ಹೆಚ್ಚಾಗಿ ಬರುತ್ತವೆ, ಎರಡು ಮೂರು ಕ್ಷಣಗಳಲ್ಲಿ ಬಿಡುಗಡೆಯಾಗುತ್ತವೆ, ಬಹಳಷ್ಟಕ್ಕೆ ಕಾರಣ ಮ್ಯಾಗಜಿನ್. ಪ್ರತಿ ಮ್ಯಾಗಜಿನ್‌ನ ತಳಕ್ಕೆ ಬಣ್ಣದಿಂದ ಒಂದು ಅಂಕಿ ಬರೆದಿಟ್ಟರೆ, ತಡೆ ಬಂದಾಗಲೆಲ್ಲ ಮೂರನೆಯದೇ ಒಳಗಿತ್ತು ಎಂಬುದು ಬೇಗ ಗೊತ್ತಾಗುತ್ತದೆ.

ಖಾಲಿ ಮಾಡುವ ಕ್ರಮ

ರಿವಾಲ್ವರಿನ ಸಿಲಿಂಡರನ್ನು ಹೊರಕ್ಕೆ ಬಿಟ್ಟು ಎತ್ತಿ ಹಿಡಿದರೆ ಆರೂ ಮನೆಗಳಲ್ಲಿ ಬೆಳಕು ಕಾಣುತ್ತದೆ. ಖಾಲಿಯೋ ಅಲ್ಲವೋ ಎಂಬ ಸಂದೇಹಕ್ಕೆ ಅಲ್ಲಿ ಜಾಗವೇ ಇಲ್ಲ. ಅನುಭವಿಗಳು ಪಿಸ್ತೂಲಿನಲ್ಲಿ ಎಡವುವ ಅತಿ ಅಪಾಯದ ಜಾಗ ಇದೇ, ಏಕೆಂದರೆ ಇಲ್ಲಿ ತೋಟಾ ಮ್ಯಾಗಜಿನ್ ಮತ್ತು ಬ್ಯಾರೆಲಿನ ಹಿಂತುದಿಯ ಚೇಂಬರ್ ಹೀಗೆ ಎರಡು ಕಡೆ ಇರುತ್ತದೆ ಮತ್ತು ಕ್ರಮ ತಪ್ಪಿದರೆ ಆಯುಧ ಖಾಲಿಯಾದಂತೆ ತೋರುತ್ತಲೇ ತುಂಬಿರುತ್ತದೆ. ಮೊದಲು ಸ್ಲೈಡ್ ಎಳೆದು, ಆಮೇಲೆ ಮ್ಯಾಗಜಿನ್ ತೆಗೆದರೆ ಆಗುವುದಿಷ್ಟು: ಚೇಂಬರಿನಲ್ಲಿದ್ದ ತೋಟಾ ಹೊರಕ್ಕೆ ಹಾರುತ್ತದೆ, ಮುಚ್ಚುತ್ತಿರುವ ಸ್ಲೈಡ್ ಮ್ಯಾಗಜಿನ್‌ನಿಂದ ಇನ್ನೊಂದನ್ನು ತಳ್ಳಿಕೊಂಡು ಹೋಗಿ ಅದೇ ಜಾಗದಲ್ಲಿ ಕೂರಿಸುತ್ತದೆ, ಮ್ಯಾಗಜಿನ್ ಕೈಗೆ ಬರುತ್ತದೆ, ನೆಲದ ಮೇಲೆ ಬಿದ್ದ ತೋಟಾ ಕಣ್ಣಿಗೆ ಕಾಣುತ್ತದೆ, ಮನಸ್ಸು ಮುಗಿಯಿತೆಂದು ಲೆಕ್ಕ ಹಾಕುತ್ತದೆ. ಗ್ಲಾಕ್‌ನಂಥ ಪಿಸ್ತೂಲುಗಳನ್ನು ಸ್ವಚ್ಛಗೊಳಿಸಲು ಬಿಚ್ಚುವಾಗ ಒಮ್ಮೆ ಟ್ರಿಗರ್ ಎಳೆಯಲೇಬೇಕಾಗುವುದರಿಂದ ಈ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ.

ಮೊದಲು ಮ್ಯಾಗಜಿನ್ ಹೊರಗೆ. ಆಮೇಲೆ ಸ್ಲೈಡ್ ಹಿಂದಕ್ಕೆ, ಅಲ್ಲೇ ತಡೆದು ನಿಲ್ಲಿಸುವುದು. ಆಮೇಲೆ ಚೇಂಬರನ್ನು ಕಣ್ಣಿನಿಂದ ನೋಡುವುದು, ಕಿರುಬೆರಳಿನ ತುದಿಯಿಂದ ಮುಟ್ಟಿ ನೋಡುವುದು. ಮ್ಯಾಗಜಿನ್ ಇಲ್ಲದಿದ್ದರೆ ಹಾರದಂತೆ ತಡೆಯುವ ವ್ಯವಸ್ಥೆ ಹೈ ಪವರ್‌ನಂಥ ಕೆಲವು ಪಿಸ್ತೂಲುಗಳಲ್ಲಿದೆ, ಆದರೆ ಅದನ್ನು ನೆಚ್ಚಿಕೊಂಡು ಈ ಕ್ರಮವನ್ನು ಸಡಿಲಿಸಬಾರದು.

ತೋಟಾ, ಗಾತ್ರ, ಉಳಿದದ್ದು

.38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾದಿಂದ ಬರುವವರಿಗೆ 9 ಮಿ.ಮೀ. ಪ್ಯಾರಬೆಲ್ಲಮ್ ಸಹಜವಾದ ಜೋಡಿ. ಗುಂಡುಗಳ ವ್ಯಾಸ ಬಹುಪಾಲು ಒಂದೇ, 9.07ಕ್ಕೆ ಪ್ರತಿಯಾಗಿ 9.01 ಮಿ.ಮೀ. ಆದರೆ ಕರಿಮದ್ದಿನ ಕಾಲದ ಕೊನೆಯಲ್ಲಿ ಹುಟ್ಟಿದ ಮೊದಲನೆಯದರ ಕೇಸು 29 ಮಿ.ಮೀ. ಉದ್ದ, ಎರಡನೆಯದರದ್ದು 19. ಒತ್ತಡದ ಮಿತಿ (ಚದರ ಅಂಗುಲಕ್ಕೆ ಪೌಂಡುಗಳ ಲೆಕ್ಕದಲ್ಲಿ) ಮೊದಲನೆಯದಕ್ಕೆ 17,000 ಪಿಎಸ್‌ಐ, ಎರಡನೆಯದಕ್ಕೆ 35,000. ತಾವೇ ತುಂಬಿಕೊಳ್ಳುವವರಿಗೆ ಇದು ಬಹಳ ಎಚ್ಚರದ ವ್ಯವಹಾರ: ಗುಂಡು ಸ್ವಲ್ಪ ಒಳಕ್ಕೆ ಕುಳಿತರೂ ಒತ್ತಡ ಜಿಗಿಯುತ್ತದೆ. ರಿವಾಲ್ವರಿನ ತೋಟಾ ತನ್ನ ಅಂಚಿನ ಮೇಲೆ ನಿಲ್ಲುವುದರಿಂದ ಕೇಸಿನ ಬಾಯನ್ನು ಗುಂಡಿನೊಳಕ್ಕೆ ಗಟ್ಟಿಯಾಗಿ ಮಡಚಬಹುದು, 9 ಮಿ.ಮೀ. ತೋಟಾ ಚೇಂಬರಿನಲ್ಲಿ ಆ ಬಾಯಿಯ ಮೇಲೇ ನಿಲ್ಲುತ್ತದೆ, ಹಾಗಾಗಿ ಅಲ್ಲಿ ಹಗುರವಾದ ಇಳಿಜಾರು ಒತ್ತು ಮಾತ್ರ ಸಾಕು. ಗುಂಡು ಬ್ಯಾರೆಲಿನಿಂದ ಹೊರಬೀಳುವಷ್ಟಿದ್ದರೆ ರಿವಾಲ್ವರ್ ಸಪ್ಪೆ ಮದ್ದನ್ನೂ ಸಹಿಸುತ್ತದೆ, ಪಿಸ್ತೂಲಿನ ಸ್ಲೈಡ್ ಸಹಿಸುವುದಿಲ್ಲ. ಖಾಲಿ ಕೇಸುಗಳು ಅಂಗೈಗೆ ಬೀಳುತ್ತಿದ್ದ ಸುಖವೂ ಮುಗಿಯಿತು, ಇನ್ನು ಬಲಗಡೆ ಹಿಂದಕ್ಕೆ ಚೆಲ್ಲಿದ್ದನ್ನು ಬಗ್ಗಿ ಹೆಕ್ಕಬೇಕು.

ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡುಗಳನ್ನು ಬಿಡಲಾರದವರಿಗಾಗಿ ಸ್ಮಿತ್ ಅಂಡ್ ವೆಸ್ಸನ್ 1961ರಲ್ಲಿ ಮಾಡೆಲ್ 52 ಎಂಬ ಪಿಸ್ತೂಲನ್ನೇ ತಂದಿತ್ತು: .38 ಸ್ಪೆಷಲ್, ಗುಂಡು ಕೇಸಿನ ಬಾಯಿಗೆ ಸಮನಾಗಿ ಕುಳಿತ ತೋಟಾ, ಮ್ಯಾಗಜಿನ್‌ಗೆ ಐದೇ. ಈಗ ಹಳೆಯದಾಗಿಯೇ ಸಿಗಬೇಕು. ಅಂತರರಾಷ್ಟ್ರೀಯ ನಿಯಮಗಳ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ 7.62ರಿಂದ 9.65 ಮಿ.ಮೀ. ವರೆಗಿನ ಕ್ಯಾಲಿಬರಿಗೆ ಅವಕಾಶವಿದ್ದು, ಅಲ್ಲಿ .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ವಾಡ್‌ಕಟರ್ ಹಾರಿಸುವ ಪಾರ್ದಿನಿ, ವಾಲ್ಟರ್ ಪಿಸ್ತೂಲುಗಳನ್ನು ಕಾಣಬಹುದು. ರಿವಾಲ್ವರಿಗೆಂದು ಹುಟ್ಟಿದ ತೋಟಾ ಪಿಸ್ತೂಲಿನಲ್ಲಿ ಬಾಳುತ್ತಿರುವುದಕ್ಕೆ ಅದೊಂದು ಉದಾಹರಣೆ.

ಗಾತ್ರದ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. ಬೆರಳುಗಳಲ್ಲಿ ಕಸುವು ಕಡಿಮೆಯಾದವರಿಗೆ .380 ತೋಟಾದ ಪುಟ್ಟ ಪಿಸ್ತೂಲು ಸುಲಭವೆಂದು ಹೇಳುವುದುಂಟು, ಆದರೆ ವಾಲ್ಟರ್ ಪಿಪಿಕೆಯಂಥ ಬ್ಲೋಬ್ಯಾಕ್ ಪಿಸ್ತೂಲಿನಲ್ಲಿ ಚೇಂಬರನ್ನು ಮುಚ್ಚಿಡುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಮಾತ್ರ, ಹಾಗಾಗಿ ಆ ಸ್ಪ್ರಿಂಗ್ ಗಡುಸಾಗಿರುತ್ತದೆ. ಬ್ಯಾರೆಲ್ ಮತ್ತು ಸ್ಲೈಡ್ ಕ್ಷಣಕಾಲ ಒಂದಕ್ಕೊಂದು ಬೀಗ ಹಾಕಿಕೊಳ್ಳುವ ಪೂರ್ಣ ಗಾತ್ರದ 9 ಮಿ.ಮೀ. ಪಿಸ್ತೂಲಿನ ಸ್ಲೈಡನ್ನು ಎಳೆಯುವುದು ಎಷ್ಟೋ ಸಲ ಹಗುರ. ಎಡಗೈಯಿಂದ ಎಳೆಯುವ ಬದಲು, ಸ್ಲೈಡನ್ನು ಹಿಡಿದು ನಿಲ್ಲಿಸಿ ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಇನ್ನೂ ಸಲೀಸು. ಹ್ಯಾಮರ್ ಇರುವ ಪಿಸ್ತೂಲಾದರೆ ಅದನ್ನು ಮೊದಲೇ ಹಿಂದಕ್ಕೆ ಕೂರಿಸಿಕೊಳ್ಳಬಹುದು. ಇಷ್ಟಾದರೂ ಆಗದಿದ್ದರೆ ರಿವಾಲ್ವರನ್ನು ಬಿಡುವ ಅಗತ್ಯವಿಲ್ಲ. .44 ಮ್ಯಾಗ್ನಮ್‌ನಂಥ ಭಾರಿ ತೋಟಾ ಬೇಕಾದವರಿಗೂ, ವರ್ಷಕ್ಕೆ ಒಂದೆರಡು ಸಲ ಮಾತ್ರ ಗುಂಡು ಹಾರಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ರೇಂಜಿನಲ್ಲಿ ಮೂರೂ ಬಗೆಗಳು ಬಾಡಿಗೆಗೋ ಸ್ನೇಹಿತರಿಂದಲೋ ಸಿಕ್ಕರೆ 10 ಮೀಟರ್ ದೂರದಲ್ಲಿ ಎರಡು ಕಾಗದಗಳನ್ನು ಅಕ್ಕಪಕ್ಕ ಕಟ್ಟಿ, ಎರಡೆರಡು ಗುಂಡುಗಳಂತೆ ಹತ್ತು ಸರಣಿ ಹೊಡೆಯಬೇಕು: ಮೊದಲನೆಯದು ಎಡಗಡೆಯ ಕಾಗದಕ್ಕೆ, ಎರಡನೆಯದು ಬಲಗಡೆಯದಕ್ಕೆ. ಹ್ಯಾಮರ್ ಇಳಿಸಬೇಕಾದ ಪಿಸ್ತೂಲಾದರೆ ಪ್ರತಿ ಸರಣಿಯ ನಂತರ ಇಳಿಸಬೇಕು. ಮ್ಯಾಗಜಿನ್‌ಗಳನ್ನು ಇನ್ನೊಬ್ಬರು ತುಂಬಲಿ, ನಡುನಡುವೆ ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಲಿ, ಎಲ್ಲಿ ಸೇರಿಸಿದ್ದಾರೆಂಬುದು ಹೊಡೆಯುವವರಿಗೆ ತಿಳಿಯದಿರಲಿ. ಡಮ್ಮಿ ಸಿಕ್ಕಾಗ ನಳಿಕೆ ಕೆಳಕ್ಕೆ ಕುಕ್ಕಿದರೆ, ಐದು ಕಿಲೋಗೆ ಒಗ್ಗಿದ ಕೈ ಎರಡೂವರೆ ಕಿಲೋದ ಟ್ರಿಗರನ್ನು ಹಿಸುಕುತ್ತಿದೆ ಎಂದರ್ಥ. ಬಲಗೈಯವರ ಗುಂಡುಗಳು ಎಡಗಡೆ ಕೆಳಗೆ ಗುಂಪುಗೂಡಿರುವುದೂ ಅದನ್ನೇ ಹೇಳುತ್ತದೆ, ಮತ್ತು ಇದು ಅಭ್ಯಾಸದಿಂದ ಹೋಗುತ್ತದೆ. ಎರಡು ಕಾಗದಗಳ ಗುಂಪುಗಳು ಒಂದೇ ಎತ್ತರದಲ್ಲಿ, ಒಂದೇ ಅಗಲದಲ್ಲಿದ್ದರೆ ಆ ಟ್ರಿಗರ್ ನಿಮ್ಮದು. ಎಡಗಡೆಯದು ಒಂದು ಕಡೆ, ಬಲಗಡೆಯದು ಅಂಗೈ ಅಗಲದಷ್ಟು ಬೇರೆ ಕಡೆ ಬಿದ್ದಿದ್ದರೆ ಆ ಪಿಸ್ತೂಲನ್ನು ಮರಳಿಸಿ, ಮುಂದಿನದನ್ನು ಎತ್ತಿಕೊಳ್ಳಿ.